ಮಣ್ಣೆಯ ತಾಮ್ರಪಟಗಳಲ್ಲಿ ಕಾಣದ ಕೂಸು: ಜೈನ ಪರಂಪರೆಯಲ್ಲಿ ಶಿಶುವಾತ್ಸಲ್ಯ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿನಲ್ಲಿ, ತ್ಯಾಮಗೊಂಡ್ಲುವಿಗೆ ಸಮೀಪದಲ್ಲಿರುವ ಮಣ್ಣೆ ಇಂದು ಒಂದು ಸಾಧಾರಣ ಗ್ರಾಮ. ಶಿಥಿಲವಾದ ಕಪಿಲೇಶ್ವರ ದೇಗುಲವನ್ನು ಬಿಟ್ಟರೆ ಇದು ಒಂದು ಕಾಲದ ರಾಜಧಾನಿಯೆಂದು ಸಾರುವ ಕುರುಹುಗಳು ಅಲ್ಲಿ ಹೆಚ್ಚಿಲ್ಲ. ಕ್ರಿ.ಶ. ಎಂಟನೆಯ ಶತಮಾನದಲ್ಲಿ ಈ ಊರಿಗೆ ಮಾನ್ಯಪುರ ಎಂಬ ಹೆಸರಿದ್ದಿತು. ತಲಕಾಡಿನ ಗಂಗರಲ್ಲಿ ದೀರ್ಘಕಾಲ ಆಳಿದ ಶ್ರೀಪುರುಷನು (ಸು. 725–788) ಇಲ್ಲಿ ನೆಲೆಸಿ ರಾಜ್ಯಭಾರ ಮಾಡಿದನು. ಆನೆಗಳನ್ನು ಕುರಿತ 'ಗಜಶಾಸ್ತ್ರ'ವೆಂಬ ಗ್ರಂಥವನ್ನು ಅವನು ರಚಿಸಿದನೆಂದು ಪ್ರಸಿದ್ಧಿ. ಅವನ ಮಗ ಇಮ್ಮಡಿ ಶಿವಮಾರನು ಕನ್ನಡದಲ್ಲಿ 'ಗಜಾಷ್ಟಕ'ವನ್ನು ಬರೆದನು. ಅದು ಓವನಿಗೆಯಾಗಿಯೂ ಒನಕೆವಾಡಾಗಿಯೂ ಜನರ ಬಾಯಲ್ಲಿ ಹಬ್ಬಿತ್ತೆಂದು ಅನಂತರದ ಶಾಸನವೊಂದು ಹೇಳುತ್ತದೆ. ತಂದೆಯ ವಿದ್ಯೆ ಮಗನ ಕೈಯಲ್ಲಿ ಹಾಡಾಯಿತು, ಆ ಹಾಡು ಭತ್ತ ಕುಟ್ಟುವ ಹೆಂಗಸರ ಕೊರಳಿಗೆ ಇಳಿಯಿತು. ಕನ್ನಡ ಸಾಹಿತ್ಯಚರಿತ್ರೆಯಲ್ಲಿ ತಂದೆ-ಮಕ್ಕಳ ಸಂಬಂಧ ಹೀಗೆ ದಾಖಲಾಗಿರುವುದು ಅಪರೂಪ. ಆದರೆ ಆ ಮಗನು ತಂದೆಯ ತೊಡೆಯೇರಿ ಆನೆಯನ್ನು ಮೊದಲ ಬಾರಿಗೆ ಕಂಡ ದಿನವನ್ನು ಯಾವ ಶಾಸನವೂ ಬರೆದಿಟ್ಟಿಲ್ಲ.

ಬರೆಯದಿರುವುದು ಸಹಜವೇ. ಶಾಸನದ ಉದ್ದೇಶ ಭೂಮಿ, ದಾನ, ಯುದ್ಧ, ಮರಣ. ಅಂಬೆಗಾಲಿಡುವ ಕೂಸಿಗೆ ಈ ನಾಲ್ಕರಲ್ಲಿ ಯಾವುದರೊಡನೆಯೂ ಸಂಬಂಧವಿಲ್ಲ. ಹಾಗಿದ್ದರೂ, ಒಂದೂವರೆ ಎರಡು ವರ್ಷದ ಮಗುವಿನ ತೊದಲುನುಡಿಯಿಂದ, ತಡವರಿಸುವ ಹೆಜ್ಜೆಯಿಂದ ಹೆತ್ತವರಿಗೆ ದೊರೆಯುವ ಸಂತೋಷವು ಮನುಷ್ಯಜೀವನದ ದೊಡ್ಡ ಅನುಭವಗಳಲ್ಲಿ ಒಂದೆಂಬುದಾದರೆ, ಅದರ ಚರಿತ್ರೆಯನ್ನು ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆ ಏಳುತ್ತದೆ. ತ್ಯಾಗವೈರಾಗ್ಯಗಳನ್ನು ಪರಮಮೌಲ್ಯವೆಂದು ಎಣಿಸಿದ ಜೈನಧರ್ಮದ ಮಟ್ಟಿಗೆ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾದುದು. ಮಕ್ಕಳ ಮೇಲಿನ ಮಮತೆ ಮೋಹವೆಂದಾದರೆ, ಆ ಪರಂಪರೆ ಅದನ್ನು ಹೇಗೆ ನೋಡಿತು? ಕಂಡೂ ಕಾಣದಂತೆ ಬಿಟ್ಟಿತೇ, ಖಂಡಿಸಿತೇ, ಅಥವಾ ಅದಕ್ಕೊಂದು ಸ್ಥಾನವನ್ನು ಕೊಟ್ಟಿತೇ? ಮಣ್ಣೆಯಿಂದಲೇ ಈ ವಿಚಾರವನ್ನು ಆರಂಭಿಸಬಹುದು.

ಮಣ್ಣೆಯಲ್ಲಿ ದೊರೆತ ಎರಡು ತಾಮ್ರಶಾಸನಗಳು ಕರ್ನಾಟಕದ ಜೈನ ಇತಿಹಾಸಕ್ಕೆ ಮುಖ್ಯವಾದವು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ ಇವು ನೆಲಮಂಗಲ ತಾಲ್ಲೂಕಿನ ಶಾಸನಗಳಾಗಿ ಸೇರಿವೆ. ಮೊದಲನೆಯದು ಕ್ರಿ.ಶ. 797ರದು. ಇಮ್ಮಡಿ ಶಿವಮಾರನ ಮಗನಾದ ಮಾರಸಿಂಹನ ಕಾಲದಲ್ಲಿ, ಅವನ ಸೇನಾಪತಿ ಶ್ರೀವಿಜಯನು ಮಾನ್ಯಪುರದಲ್ಲಿ ಜಿನಾಲಯವೊಂದನ್ನು ಕಟ್ಟಿಸಿದ್ದನ್ನೂ ಅದಕ್ಕೆ ಕಿರುವೆಕ್ಕೂರೆಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟುದನ್ನೂ ಅದು ತಿಳಿಸುತ್ತದೆ. ಎರಡನೆಯದು ಕ್ರಿ.ಶ. 802ರದು. ಆ ಹೊತ್ತಿಗೆ ಗಂಗವಾಡಿ ರಾಷ್ಟ್ರಕೂಟರ ವಶದಲ್ಲಿದ್ದಿತು. ಮೂರನೆಯ ಗೋವಿಂದನ ಅಣ್ಣನಾದ ರಣಾವಲೋಕ ಕಂಬರಾಜನು ಅದೇ ಜಿನಾಲಯಕ್ಕೆ ನೀಡಿದ ದಾನವನ್ನು ಅದು ದಾಖಲಿಸುತ್ತದೆ. ಇಲ್ಲಿಯ ಸೇನಾಪತಿ ಶ್ರೀವಿಜಯನನ್ನು ಅರ್ಧ ಶತಮಾನದ ಅನಂತರ 'ಕವಿರಾಜಮಾರ್ಗ'ವನ್ನು ರಚಿಸಿದ ಶ್ರೀವಿಜಯನೊಡನೆ ವಿದ್ಯಾರ್ಥಿಗಳು ಬೆರೆಸಬಾರದು.

ಈ ಶಾಸನಗಳ ಹಿನ್ನೆಲೆಯಲ್ಲಿ ಕೌಟುಂಬಿಕ ಸಂಕಟವೊಂದು ಅಡಗಿದೆ. ಮಾರಸಿಂಹನ ತಂದೆ ಶಿವಮಾರನು ರಾಷ್ಟ್ರಕೂಟರ ಸೆರೆಯಲ್ಲಿ ವರ್ಷಗಳನ್ನು ಕಳೆದವನು. ಆ ಅಸ್ಥಿರ ಕಾಲದಲ್ಲಿ ಗಂಗರ ಆಳ್ವಿಕೆಯ ಭಾರ ಮಗನ ಹೆಗಲಿಗೆ ಬಂದಿತ್ತು. ರಾಷ್ಟ್ರಕೂಟರ ಕಡೆಗೂ ಕುಟುಂಬದೊಳಗೆ ನೆಮ್ಮದಿಯಿರಲಿಲ್ಲ. ಅಣ್ಣನಾದ ಕಂಬನನ್ನು ಬಿಟ್ಟು ತಮ್ಮನಾದ ಗೋವಿಂದನಿಗೆ ಪಟ್ಟವಾದುದರಿಂದ ಅಣ್ಣತಮ್ಮಂದಿರಲ್ಲಿ ಯುದ್ಧವೇ ನಡೆದಿತ್ತು. ಇಷ್ಟೆಲ್ಲ ನಡೆದ ಮನೆತನಗಳಲ್ಲಿ ಮಕ್ಕಳು ಹುಟ್ಟುತ್ತಿದ್ದರು, ಅಂಗಳದಲ್ಲಿ ಆಡುತ್ತಿದ್ದರು. ಶಾಸನಗಳಲ್ಲಿ ಮಾತ್ರ ಅವರು ಬೆಳೆದ ಮೇಲೆಯೇ ಕಾಣಿಸಿಕೊಳ್ಳುತ್ತಾರೆ. ಇದೇ ಕಂಬರಾಜನ ಬದನಗುಪ್ಪೆ ತಾಮ್ರಶಾಸನದಲ್ಲಿ ಅವನ ಮಗ ಶಂಕರಗಣನು ಬರುತ್ತಾನೆ. ಅವನ ವಿಜ್ಞಾಪನೆಯ ಮೇರೆಗೆ ಬದನಗುಪ್ಪೆ ಗ್ರಾಮವು ವರ್ಧಮಾನ ಗುರುಗಳಿಗೆ ದತ್ತಿಯಾಗುತ್ತದೆ. ಮಗನ ಕೋರಿಕೆಯನ್ನು ತಂದೆ ನಡೆಸಿಕೊಟ್ಟ ವಾತ್ಸಲ್ಯದ ಒಂದು ಎಳೆ ಅಲ್ಲಿದೆಯಾದರೂ, ಆ ಮಗ ಆಗಲೇ ಭೂಮಿಯ ವಿಷಯ ಮಾತನಾಡಬಲ್ಲವನಾಗಿದ್ದಾನೆ. ಮಾತು ಇನ್ನೂ ತೊದಲಾಗಿದ್ದ ದಿನಗಳು ತಾಮ್ರಪಟಕ್ಕೆ ಏರಲಿಲ್ಲ.

ತಾಮ್ರಪಟ ಬಿಟ್ಟುದನ್ನು ಗ್ರಂಥಗಳು ಎತ್ತಿಕೊಂಡವು. 802ರ ಮಣ್ಣೆ ಶಾಸನದ ಕಾಲದ ಚಕ್ರವರ್ತಿ ಮೂರನೆಯ ಗೋವಿಂದನ ಮಗನೇ ಅಮೋಘವರ್ಷ ನೃಪತುಂಗ. ದಂಡಯಾತ್ರೆಯ ನಡುವೆ ಶ್ರೀಭವನವೆಂಬಲ್ಲಿ ಅವನು ಹುಟ್ಟಿದನೆಂದು ಸಂಜಾನ್ ತಾಮ್ರಶಾಸನ ಹೇಳುತ್ತದೆ. 814ರಲ್ಲಿ ಪಟ್ಟಕ್ಕೆ ಬಂದಾಗ ಅವನಿನ್ನೂ ಬಾಲಕ. ಗುಜರಾತ್ ಶಾಖೆಯ ಕರ್ಕನು ಅವನ ಪರವಾಗಿ ರಾಜ್ಯವನ್ನು ಕಾಪಾಡಿದನು. ಹೀಗೆ ಎಳೆತನವನ್ನು ಸಿಂಹಾಸನಕ್ಕೆ ತೆತ್ತ ಆ ಅರಸನು ಯಾರನ್ನು ಗುರುವೆಂದು ನಂಬಿದನೋ ಆ ಜಿನಸೇನಾಚಾರ್ಯರ 'ಆದಿಪುರಾಣ'ದಲ್ಲಿಯೇ, ಮಗುವೊಂದು ಬೆಳೆಯುವ ಹಂತಹಂತಕ್ಕೂ ಹೆಸರಿಟ್ಟು ಗೌರವಿಸಿದ ವಿವರ ದೊರೆಯುತ್ತದೆ.

ಜಿನಸೇನರ ಸಂಸ್ಕೃತ ಆದಿಪುರಾಣದ ಮೂವತ್ತೆಂಟನೆಯ ಪರ್ವದಲ್ಲಿ ಭರತ ಚಕ್ರವರ್ತಿಯು ಗೃಹಸ್ಥರು ನಡೆಸಬೇಕಾದ ಕ್ರಿಯೆಗಳನ್ನು ಉಪದೇಶಿಸುತ್ತಾನೆ. ಗರ್ಭಾನ್ವಯ, ದೀಕ್ಷಾನ್ವಯ, ಕರ್ತ್ರನ್ವಯ ಎಂದು ಅವು ಮೂರು ಬಗೆ. ಗರ್ಭಾನ್ವಯ ಕ್ರಿಯೆಗಳ ಸಂಖ್ಯೆ 53. ಅವುಗಳ ಮೊದಲ ಹೆಸರುಗಳನ್ನು ಕ್ರಮವಾಗಿ ಓದಿದರೆ ಒಂದು ಸಂಗತಿ ತಾನಾಗಿಯೇ ಹೊಳೆಯುತ್ತದೆ: ಆಧಾನ, ಪ್ರೀತಿ, ಸುಪ್ರೀತಿ, ಧೃತಿ, ಮೋದ, ಪ್ರಿಯೋದ್ಭವ. ಗರ್ಭದ ಮೂರನೆಯ ತಿಂಗಳಿನದು ಪ್ರೀತಿ, ಐದನೆಯದರದು ಸುಪ್ರೀತಿ, ಏಳನೆಯದರದು ಧೃತಿ, ಒಂಬತ್ತನೆಯದರದು ಮೋದ, ಹುಟ್ಟಿದಾಗಿನದು ಪ್ರಿಯೋದ್ಭವ. ವೈದಿಕ ಪರಂಪರೆಯಲ್ಲಿ ಪುಂಸವನ, ಸೀಮಂತೋನ್ನಯನ, ಜಾತಕರ್ಮ ಎಂಬ ಹೆಸರುಗಳು ಮಾಡುವ ಕೆಲಸವನ್ನೋ ಬಯಸುವ ಫಲವನ್ನೋ ಸೂಚಿಸುತ್ತವೆ. ಜಿನಸೇನರ ಹೆಸರುಗಳಾದರೋ ಹೆತ್ತವರ ಮನಸ್ಸಿನ ಸ್ಥಿತಿಯನ್ನು ಸೂಚಿಸುತ್ತವೆ. ಪ್ರೀತಿ ಹೆಚ್ಚಿ ಸುಪ್ರೀತಿಯಾಗುತ್ತದೆ. ದಿನ ತುಂಬುತ್ತ ಬಂದಂತೆ ಧೈರ್ಯ ಬೇಕಾಗುತ್ತದೆ, ಅದು ಧೃತಿ. ಕೊನೆಯ ತಿಂಗಳಲ್ಲಿ ಉಳಿಯುವುದು ಮೋದ, ಅಂದರೆ ಸಂತೋಷ. ಮಗು ಹುಟ್ಟುವುದನ್ನು 'ಪ್ರಿಯವಾದುದರ ಉದಯ' ಎಂದು ಕರೆದುದರಲ್ಲಿ ಶಾಸ್ತ್ರಕಾರನ ಹಿಂದೆ ನಿಂತ ಕವಿ ಕಾಣುತ್ತಾನೆ.

ಪ್ರಿಯೋದ್ಭವದ ವಿಧಿಗಳಲ್ಲಿ ಒಂದು ವಿಶೇಷವಾಗಿ ಮನಸೆಳೆಯುತ್ತದೆ. ಮೂರನೆಯ ದಿನದ ರಾತ್ರಿ ಕೂಸನ್ನು ಎತ್ತಿಕೊಂಡು ನಕ್ಷತ್ರಗಳಿಂದ ತುಂಬಿದ ಆಕಾಶವನ್ನು ತೋರಿಸಬೇಕು, ಅನಂತಜ್ಞಾನದಿಂದ ಎಲ್ಲವನ್ನೂ ಕಾಣುವವನಾಗು ಎಂದು ಹರಸಬೇಕು. ಇನ್ನೂ ಕಣ್ಣೋಟ ನಿಲ್ಲದ ಹಸುಗೂಸಿಗೆ ಇಡೀ ಆಕಾಶವನ್ನು ತೋರುವ ಈ ಕ್ರಿಯೆಯಲ್ಲಿ ಕೇವಲಜ್ಞಾನದ ತತ್ತ್ವವೂ ಹೆತ್ತವರ ಸಡಗರವೂ ಬೇರೆಯಾಗದಂತೆ ಬೆರೆತಿವೆ. ಹನ್ನೆರಡನೆಯ ದಿನದ ನಾಮಕರ್ಮದಲ್ಲಿ ಜಿನೇಂದ್ರನ 1008 ನಾಮಗಳಿಂದ ಒಂದನ್ನು, ಘಟಪತ್ರವಿಧಿಯಿಂದ, ಅಂದರೆ ಪತ್ರಗಳ ಮೇಲೆ ಹೆಸರುಗಳನ್ನು ಬರೆದು ಕುಂಭದಲ್ಲಿಟ್ಟು ಎತ್ತುವುದರ ಮೂಲಕ, ಆರಿಸಬಹುದು. ಮಗುವಿಗೆ ಯಾವ ಹೆಸರು ಬರುವುದೋ ಎಂದು ಬಂಧುಗಳೆಲ್ಲ ಕುಂಭದತ್ತ ನೋಡುತ್ತ ಕುಳಿತ ಚಿತ್ರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಇದರ ಮುಂದಿನ ಐದು ಕ್ರಿಯೆಗಳು ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದವು. ಮೊದಲನೆಯದು ಬಹಿರ್ಯಾನ. ಎರಡರಿಂದ ನಾಲ್ಕು ತಿಂಗಳೊಳಗೆ ಶುಭದಿನವೊಂದರಲ್ಲಿ, ಮಂಗಳವಾದ್ಯಗಳೊಡನೆ, ತಾಯಿಯ ಅಥವಾ ದಾದಿಯ ಮಡಿಲಲ್ಲಿರುವ ಮಗುವನ್ನು ಹೆರಿಗೆಯ ಕೋಣೆಯಿಂದ ಹೊರಗೆ ತರಬೇಕು. ಆಗ ಬಂಧುಗಳು ಮಗುವಿಗೆ ಕೊಟ್ಟ ಹಣವನ್ನು ತೆಗೆದಿರಿಸಿ, ಮುಂದೆ ಅವನು ತಂದೆಯ ಆಸ್ತಿಯನ್ನು ಪಡೆಯುವಾಗ ಒಪ್ಪಿಸಬೇಕೆಂದು ಜಿನಸೇನರು ವಿಧಿಸುತ್ತಾರೆ. ಹಾಲು ಕುಡಿಯುವ ಕೂಸಿಗೂ ತನ್ನದೆಂಬ ಸ್ವತ್ತು ಇರುವುದನ್ನು ಒಪ್ಪಿಕೊಂಡ ಈ ಸೂಕ್ಷ್ಮ ಸಾಮಾಜಿಕ ಇತಿಹಾಸಕಾರರು ಗಮನಿಸಬೇಕಾದುದು. ಎರಡನೆಯದು ನಿಷದ್ಯೆ, ಮಗುವನ್ನು ಕುಳ್ಳಿರಿಸುವುದು. ಮಂಗಳದ್ರವ್ಯಗಳನ್ನು ಹತ್ತಿರವಿರಿಸಿ, ಹಾಸಿದ ಆಸನದ ಮೇಲೆ ಅದನ್ನು ಕೂರಿಸಬೇಕು; ಮುಂದೆ ಉತ್ತರೋತ್ತರವಾಗಿ ದಿವ್ಯಾಸನಗಳಿಗೆ ಅದು ಅರ್ಹವಾಗಲೆಂಬುದು ಆಶಯ. ಮೂರನೆಯದು ಏಳೆಂಟು ತಿಂಗಳಲ್ಲಿ ನಡೆಯುವ ಅನ್ನಪ್ರಾಶನ. ನಾಲ್ಕನೆಯದು ವ್ಯುಷ್ಟಿ. ಒಂದು ವರ್ಷ ತುಂಬಿದಾಗ ಜಿನಪೂಜೆ, ದಾನ, ಬಂಧುಭೋಜನಗಳೊಡನೆ ಆಚರಿಸುವ ಇದಕ್ಕೆ ವರ್ಷವರ್ಧನವೆಂದೂ ಹೆಸರು. ವ್ಯುಷ್ಟಿ ಎಂದರೆ ಬೆಳಗಾಗುವುದು ಎಂಬ ಅರ್ಥವೂ ಉಂಟು. ಐದನೆಯದು ಕೇಶವಾಪ: ಗಂಧೋದಕದಿಂದ ತಲೆ ನೆನೆಸಿ, ಮೊದಲ ಕೂದಲು ತೆಗೆಸಿ, ಸ್ನಾನ ಮಾಡಿಸಿ, ಆಭರಣಗಳಿಂದ ಸಿಂಗರಿಸಿ, ಮಗುವಿನಿಂದ ಮುನಿಗಳಿಗೆ ನಮಸ್ಕಾರ ಮಾಡಿಸುವುದು. ಇದಾದ ಬಳಿಕ ಐದನೆಯ ವರ್ಷದಲ್ಲಿ ಲಿಪಿಸಂಖ್ಯಾನ, ಅಂದರೆ ಅಕ್ಷರಾಭ್ಯಾಸ. ಅಲ್ಲಿಗೆ ಶೈಶವ ಮುಗಿಯುತ್ತದೆ.

ಕುಳಿತುಕೊಳ್ಳುವುದು, ಹೊರಗೆ ಬರುವುದು, ಅನ್ನ ಉಣ್ಣುವುದು, ವರ್ಷ ತುಂಬುವುದು ಇವು ಯಾವ ಮಗುವೂ ಮಾಡುವ ಕೆಲಸಗಳು. ಅವುಗಳಲ್ಲಿ ಪ್ರತಿಯೊಂದನ್ನೂ ನಿಂತು ನೋಡಬೇಕಾದ ಘಟನೆಯೆಂದು ಶಾಸ್ತ್ರ ಪರಿಗಣಿಸಿತು. ಹಳ್ಳಿಯ ಮನೆಗಳಲ್ಲಿ ಶಾಸ್ತ್ರವನ್ನು ಓದದ ತಾಯಂದಿರೂ ಇದನ್ನೇ ಮಾಡುತ್ತ ಬಂದಿದ್ದಾರೆ. ಮಗು ಮೊದಲ ಬಾರಿಗೆ ಬೋರಲು ಬಿದ್ದಾಗ, ಹೊಸ್ತಿಲು ದಾಟಿದಾಗ, ಹೆಜ್ಜೆಯಿಟ್ಟಾಗ ಸಿಹಿ ಮಾಡಿ ನೆರೆಹೊರೆಗೆ ಹಂಚುವ ರೂಢಿ ಹಳೆಯ ಮೈಸೂರು ಸೀಮೆಯಲ್ಲಿ ಜಾತಿಮತಗಳ ಭೇದವಿಲ್ಲದೆ ಕಂಡುಬರುತ್ತದೆ. ಸೊಂಟಕ್ಕೆ ಉಡಿದಾರ, ಕಾಲಿಗೆ ಗೆಜ್ಜೆ, ಕೆನ್ನೆಗೆ ದೃಷ್ಟಿಬೊಟ್ಟು, ಸಂಜೆ ದೃಷ್ಟಿ ನಿವಾಳಿಸುವುದು ಇವೆಲ್ಲವೂ ಅದೇ ಸಂತೋಷದ ಮತ್ತು ಆ ಸಂತೋಷಕ್ಕೆ ಅಂಟಿಕೊಂಡ ಅಂಜಿಕೆಯ ಗುರುತುಗಳು. ಮಕ್ಕಳು ಬದುಕುಳಿಯುವುದೇ ಖಚಿತವಿಲ್ಲದ ಕಾಲದಲ್ಲಿ, ಒಂದು ವರ್ಷ ತುಂಬಿತೆಂಬುದಕ್ಕೆ 'ಬೆಳಗಾಯಿತು' ಎಂಬ ಹೆಸರು ಬಂದುದು ಅಲಂಕಾರಕ್ಕಾಗಿ ಮಾತ್ರ ಇರಲಾರದು.

ಈ ಪಟ್ಟಿಯ ಇನ್ನೊಂದು ತುದಿಯನ್ನು ನೋಡಿದಾಗಲೇ ಅದರ ಮಹತ್ತ್ವ ಪೂರ್ತಿಯಾಗಿ ತಿಳಿಯುವುದು. ಉಪನೀತಿ, ವ್ರತಚರ್ಯೆ, ವಿವಾಹಗಳನ್ನು ದಾಟಿ ಈ ಕ್ರಿಯೆಗಳು ಗೃಹತ್ಯಾಗಕ್ಕೆ, ಜಿನರೂಪತೆಗೆ, ಕೊನೆಗೆ 53ನೆಯದಾದ ಅಗ್ರನಿರ್ವೃತ್ತಿಗೆ, ಎಂದರೆ ಮೋಕ್ಷಕ್ಕೆ, ಮುಟ್ಟುತ್ತವೆ. ತಾಯಿಯ ಮಡಿಲಿನಿಂದ ಸಿದ್ಧಶಿಲೆಯವರೆಗೆ ಇರುವುದು ಒಂದೇ ಏಣಿ. ಅದರ ಕೆಳಗಿನ ಮೆಟ್ಟಿಲುಗಳಿಗೆ ಪ್ರೀತಿ, ಮೋದ ಎಂಬ ಹೆಸರು. ಮೇಲಿನವುಗಳಿಗೆ ತ್ಯಾಗ, ನಿರ್ವೃತ್ತಿ ಎಂಬ ಹೆಸರು. ಮಕ್ಕಳ ಸಂತೋಷವನ್ನು ಏಣಿಯಿಂದ ಆಚೆಗೆ ತಳ್ಳದೆ ಅದರ ಆರಂಭದಲ್ಲಿಯೇ ಇರಿಸಿದುದು ಜಿನಸೇನರ ದರ್ಶನದ ವಿಶಾಲತೆ. ಈ ಕ್ರಿಯೆಗಳ ನಿರೂಪಣೆ ಬಹುಮಟ್ಟಿಗೆ ಗಂಡುಮಗುವನ್ನೇ ಕಣ್ಣೆದುರಿಗೆ ಇರಿಸಿಕೊಂಡಿದೆಯೆಂಬುದನ್ನೂ ಇಲ್ಲಿ ಹೇಳಬೇಕು. ಆ ಕೊರತೆಯನ್ನು ಅದೇ ಪುರಾಣದ ಕಥಾಭಾಗ ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ.

ಕಥಾಭಾಗದಲ್ಲಿ ಶೈಶವದ ಸಂತೋಷ ವಿಧಿಯ ಗಡಿಯನ್ನು ಮೀರಿ ಹರಿಯುತ್ತದೆ. ಅಯೋಧ್ಯೆಯಲ್ಲಿ ನಾಭಿರಾಜ-ಮರುದೇವಿಯರಿಗೆ ವೃಷಭನಾಥನು ಹುಟ್ಟಿದಾಗ ಇಂದ್ರನು ಪರಿವಾರದೊಡನೆ ಇಳಿದುಬರುತ್ತಾನೆ. ಮೇರುವಿನ ಮೇಲೆ ಜನ್ಮಾಭಿಷೇಕ ನಡೆಸಲು ಶಿಶುವನ್ನು ಕೊಂಡೊಯ್ಯಬೇಕು. ಶಚಿಯು ಪ್ರಸೂತಿಗೃಹವನ್ನು ಹೊಕ್ಕು, ತಾಯಿಗೆ ಮಾಯಾನಿದ್ರೆ ಬರಿಸಿ, ಅವಳ ಮಗ್ಗುಲಲ್ಲಿ ಮಾಯಾಶಿಶುವೊಂದನ್ನು ಮಲಗಿಸಿ, ಅನಂತರ ಮಗುವನ್ನು ಎತ್ತಿಕೊಳ್ಳುತ್ತಾಳೆ. ಮೂರು ಲೋಕವೂ ಕೊಂಡಾಡುವ ಉತ್ಸವಕ್ಕಾಗಿಯೂ ತಾಯಿಯ ಪಕ್ಕ ಕ್ಷಣಕಾಲ ಬರಿದಾಗಬಾರದು! ಪಂಚಕಲ್ಯಾಣಗಳ ದೈವಿಕ ಆಡಂಬರದ ನಡುವೆ ಹೆತ್ತವಳ ಕೈ ಅರೆನಿದ್ರೆಯಲ್ಲಿ ಕೂಸನ್ನು ತಡವುವುದೆಂಬ ಮನೆವಾರ್ತೆಯ ಅರಿವು ಪುರಾಣಕಾರರಿಗಿತ್ತು. ಇಂದ್ರನಿಗಾದರೋ ಶಿಶುವನ್ನು ನೋಡಲು ಎರಡು ಕಣ್ಣು ಸಾಲದೆ ಸಾವಿರ ಕಣ್ಣುಗಳನ್ನು ತಾಳಬೇಕಾಯಿತು. ಮಗುವನ್ನು ಮರಳಿ ತಂದೊಪ್ಪಿಸಿ ಹೆತ್ತವರ ಎದುರಿಗೇ ಅವನು ಆನಂದನಾಟಕವನ್ನು ಆಡಿದನು.

ಅಭಿಷೇಕದ ಸಡಗರ ಮುಗಿದ ಮೇಲೆ ಜಿನಸೇನರು ಅರಮನೆಯ ಅಂಗಳಕ್ಕೆ ಇಳಿಯುತ್ತಾರೆ. ಮೀಯಿಸಲು, ಸಿಂಗರಿಸಲು, ಹಾಲೂಡಲು, ಆಡಿಸಲು ದೇವಿಯರು ದಾದಿಯರಾಗಿ ನಿಲ್ಲುತ್ತಾರೆ. ಮೊದಲು ನಗು, ಆಮೇಲೆ ಅಸ್ಫುಟವಾದ ತೊದಲು, ಆಮೇಲೆ ಇಂದ್ರನೀಲದ ನೆಲದ ಮೇಲೆ ಎಡವುತ್ತ ಇಡುವ ಹೆಜ್ಜೆ ಎಂಬ ಕ್ರಮದಲ್ಲಿ ಶಿಶುವಿನ ಬೆಳವಣಿಗೆ ವರ್ಣಿತವಾಗಿದೆ. ನೀಲಿ ನೆಲದ ಮೇಲೆ ಕೆಂಪು ಪಾದಗಳು ತಾವರೆಯನ್ನು ಚೆಲ್ಲಿದಂತೆ ತೋರುತ್ತವೆ. ಗಿಳಿ, ನವಿಲು, ಹಂಸ, ಆನೆಮರಿಗಳ ರೂಪ ತಾಳಿದ ದೇವಕುಮಾರರು ಆಟಕ್ಕೆ ಜೊತೆಯಾಗುತ್ತಾರೆ. ರತ್ನದ ಧೂಳಿಯಲ್ಲಿ ಮಗು ಹೊರಳಾಡುವಾಗ ತಂದೆತಾಯಿಗಳ ಮನಸ್ಸಿನಲ್ಲಿ ಸಂತೋಷ ಹಬ್ಬುತ್ತದೆ. ರತ್ನವನ್ನೂ ಇಂದ್ರನೀಲವನ್ನೂ ತೆಗೆದುಬಿಟ್ಟರೆ ಉಳಿಯುವುದು ಯಾವ ಮನೆಯ ಅಂಗಳದಲ್ಲಿಯಾದರೂ ಕಾಣಬಹುದಾದ ದೃಶ್ಯವೇ. ಮಣ್ಣಿನಲ್ಲಿ ಆಡದ ಮಗುವನ್ನು ಜಿನಸೇನರೂ ಕಲ್ಪಿಸಿಕೊಳ್ಳಲಾರದೆ ಹೋದರು. ತೀರ್ಥಂಕರನಿಗೆಂದು ಮಣ್ಣನ್ನು ರತ್ನವಾಗಿಸಿದರು, ಅಷ್ಟೆ.

ಕ್ರಿ.ಶ. 941ರಲ್ಲಿ ಪಂಪನು ಇದೇ ಕಥೆಯನ್ನು ಕನ್ನಡಕ್ಕೆ ತಂದನು. 978ರಲ್ಲಿ ಗಂಗರ ಮಂತ್ರಿ ಚಾವುಂಡರಾಯನು ಅದನ್ನು ತನ್ನ ಗದ್ಯಪುರಾಣದಲ್ಲಿ ಮತ್ತೆ ಹೇಳಿದನು. ಹೀಗೆ ಮಾನ್ಯಪುರದ ಅರಸರ ವಂಶವನ್ನು ಸೇವಿಸಿದ ಮಂತ್ರಿಯ ಲೇಖನಿಯಿಂದಲೇ ಆದಿದೇವನ ಕಥೆ ಕನ್ನಡ ಗದ್ಯಕ್ಕೆ ಇಳಿಯಿತು. ಕಾವ್ಯಧರ್ಮವನ್ನೂ ಧರ್ಮವನ್ನೂ ಒಂದರಲ್ಲಿಯೇ ಅರಿಯಬೇಕೆಂದು ಬಯಸಿದ ಪಂಪನಿಗೆ ಭೋಗವೂ ತ್ಯಾಗವೂ ಒಂದೇ ಕಥೆಯ ಎರಡು ಮುಖಗಳಾಗಿದ್ದವು. ನೀಲಾಂಜನೆಯ ನೃತ್ಯದ ನಡುವೆ ಅವಳ ಆಯುಸ್ಸು ಮುಗಿದುದನ್ನು ಕಂಡು ವೃಷಭನಾಥನಿಗೆ ವೈರಾಗ್ಯ ಹುಟ್ಟುವ ಪ್ರಸಂಗವನ್ನು ಎಲ್ಲ ವಿಮರ್ಶಕರೂ ಎತ್ತಿಹೇಳುತ್ತಾರೆ. ಅಂಗಳದಲ್ಲಿ ಎಡವುತ್ತ ನಡೆದ ಕೂಸಿನ ಚಿತ್ರವನ್ನು ನೆನಪಿನಲ್ಲಿಟ್ಟುಕೊಂಡು ಆ ಪ್ರಸಂಗವನ್ನು ಓದಿದರೆ ಅದರ ಭಾರ ಇಮ್ಮಡಿಯಾಗುತ್ತದೆ. ಬಿಟ್ಟು ಹೊರಡುವವನು ಒಬ್ಬ ಅರಸ ಮಾತ್ರವಲ್ಲ, ಒಬ್ಬಳ ಮಗ.

ಆ ತಾಯಿಯ ಕಥೆಯಲ್ಲಿ ಜೈನರ ಎರಡು ಸಂಪ್ರದಾಯಗಳು ಬೇರೆ ಬೇರೆ ದಾರಿ ಹಿಡಿದಿವೆ. ಶ್ವೇತಾಂಬರ ಪರಂಪರೆಯಲ್ಲಿ, ಹೇಮಚಂದ್ರಾಚಾರ್ಯರ 'ತ್ರಿಷಷ್ಟಿಶಲಾಕಾಪುರುಷಚರಿತ್ರ'ದಲ್ಲಿ ಕಾಣುವಂತೆ, ಮರುದೇವಿಯು ಮಗನು ಕಾಡಿನಲ್ಲಿ ಏನು ಕಷ್ಟ ಪಡುತ್ತಿರುವನೋ ಎಂದು ಅತ್ತು ಅತ್ತು ಕಣ್ಣಿನ ದೃಷ್ಟಿಯನ್ನೇ ಕಳೆದುಕೊಳ್ಳುತ್ತಾಳೆ. ಭರತನು ಅಜ್ಜಿಯನ್ನು ಆನೆಯ ಮೇಲೆ ಕೂರಿಸಿಕೊಂಡು ಸಮವಸರಣಕ್ಕೆ ಕರೆತರುತ್ತಾನೆ. ಮಗನ ವೈಭವವನ್ನು ಕಂಡೊಡನೆ ಆನಂದಬಾಷ್ಪದಲ್ಲಿ ಕಣ್ಣಿನ ಪೊರೆ ತೊಳೆದುಹೋಗಿ, ಆನೆಯ ಮೇಲಿರುವಾಗಲೇ ಅವಳಿಗೆ ಕೇವಲಜ್ಞಾನವಾಗಿ, ಈ ಅವಸರ್ಪಿಣಿಯಲ್ಲಿ ಮೊದಲು ಮುಕ್ತಿ ಪಡೆದವಳು ಅವಳೇ ಆಗುತ್ತಾಳೆ. ಸ್ತ್ರೀಮುಕ್ತಿಯನ್ನು ಒಪ್ಪದ ದಿಗಂಬರ ಪರಂಪರೆ ಈ ಘಟನೆಯನ್ನು ಸ್ವೀಕರಿಸುವುದಿಲ್ಲ. ಅಲ್ಲಿ ಮರುದೇವಿಯ ಭಾಗ್ಯವು ತೀರ್ಥಂಕರನನ್ನು ಹೆತ್ತು ಸಾಕಿದುದರಲ್ಲಿದೆ. ಸಿದ್ಧಾಂತದ ಈ ಭೇದವನ್ನು ಬದಿಗಿಟ್ಟು ನೋಡಿದರೂ ಒಂದು ಸಂಗತಿ ಎರಡರಲ್ಲಿಯೂ ಸಮಾನವಾಗಿದೆ. ಮಗುವನ್ನು ಆಡಿಸಿದ ಸಂತೋಷಕ್ಕೆ ಯಾವ ಗ್ರಂಥವೂ ಆ ತಾಯಿಯನ್ನು ಆಕ್ಷೇಪಿಸಲಿಲ್ಲ.

ವೃಷಭನಾಥನು ತಾನೇ ತಂದೆಯಾದಾಗಲೂ ಪುರಾಣ ಮಕ್ಕಳ ಪಕ್ಕದಲ್ಲಿಯೇ ನಿಲ್ಲುತ್ತದೆ. ಭರತನ ಅನ್ನಪ್ರಾಶನ, ಚೌಲ, ಉಪನಯನಗಳನ್ನು ತಂದೆಯೇ ನೆರವೇರಿಸುತ್ತಾನೆ. ಬ್ರಾಹ್ಮಿ, ಸುಂದರಿಯರೆಂಬ ಹೆಣ್ಣುಮಕ್ಕಳು ಬಳಿಗೆ ಬಂದಾಗ ಅವರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ನೆತ್ತಿಯನ್ನು ಮೂಸುತ್ತಾನೆ. ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಗಳನ್ನೂ ಕಲಿಸುತ್ತಾನೆ. ಲಿಪಿಗೆ ಬ್ರಾಹ್ಮಿಯ ಹೆಸರೇ ಬಂದಿತೆಂಬುದು ಜೈನರ ನಂಬಿಕೆ. ಜಗತ್ತಿನ ಮೊದಲ ಅಕ್ಷರವು ಅರಮನೆಯ ಸಭೆಯಲ್ಲಿ ಅಥವಾ ಆಶ್ರಮದಲ್ಲಿ ಹುಟ್ಟದೆ ತಂದೆಯ ತೊಡೆಯ ಮೇಲೆ ಕುಳಿತ ಹೆಣ್ಣುಮಗಳಿಗಾಗಿ ಹುಟ್ಟಿತೆಂದು ಕಲ್ಪಿಸಿಕೊಂಡ ಸಮಾಜವು ಆ ತೊಡೆಯ ಬೆಲೆಯನ್ನು ಬಲ್ಲುದಾಗಿತ್ತು.

ಕಾವ್ಯದಿಂದ ಶಿಲ್ಪಕ್ಕೆ ಬಂದರೆ ಅಂಬಿಕಾ ಅಥವಾ ಕೂಷ್ಮಾಂಡಿನಿಯ ಮೂರ್ತಿ ಎದುರಾಗುತ್ತದೆ. ನೇಮಿನಾಥ ತೀರ್ಥಂಕರರ ಯಕ್ಷಿಯಾದ ಈಕೆಯ ವಿಗ್ರಹಗಳು ಐಹೊಳೆಯ ಮೇಗುತಿಯಿಂದ ಶ್ರವಣಬೆಳಗೊಳದವರೆಗೆ ಕರ್ನಾಟಕದುದ್ದಕ್ಕೂ ದೊರೆಯುತ್ತವೆ. ಪೂರ್ವಜನ್ಮದಲ್ಲಿ ಅಗ್ನಿಲೆಯೆಂಬ ಗೃಹಿಣಿಯಾಗಿದ್ದ ಅವಳು ಶ್ರಾದ್ಧದ ದಿನ ಮುನಿಗೆ ಮೊದಲು ಆಹಾರವಿತ್ತಳೆಂದು ಗಂಡನ ಕೋಪಕ್ಕೆ ಗುರಿಯಾಗಿ, ಎರಡು ಎಳೆಯ ಮಕ್ಕಳೊಡನೆ ಮನೆ ಬಿಟ್ಟಳು. ಹಸಿದ ಮಕ್ಕಳಿಗಾಗಿ ಮಾವಿನ ಮರ ಅಕಾಲದಲ್ಲಿ ಹಣ್ಣು ಕೊಟ್ಟಿತೆಂದು ಕಥೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ತನ್ನ 'ಪ್ರತಿಷ್ಠಾಸಾರೋದ್ಧಾರ'ದಲ್ಲಿ ಅವಳ ಪ್ರತಿಮಾಲಕ್ಷಣವನ್ನು ಹೇಳುವಾಗ, ಒಂದು ಕೈಯಲ್ಲಿ ಅವಳು ಹಿಡಿದಿರುವ ಮಾವಿನ ಗೊಂಚಲು ಮಡಿಲಿನ ಮ‌ಗ ಪ್ರಿಯಂಕರನ ಸಂತೋಷಕ್ಕಾಗಿ ಎಂದೂ, ಇನ್ನೊಂದು ಕೈಯ ಬೆರಳನ್ನು ಮತ್ತೊಬ್ಬ ಮಗ ಶುಭಂಕರನು ಹಿಡಿದುಕೊಂಡಿರುವನೆಂದೂ ವಿವರಿಸುತ್ತಾನೆ. ದೇವತೆಗಳ ಕೈಯಲ್ಲಿರುವ ಆಯುಧಗಳಿಗೂ ಮುದ್ರೆಗಳಿಗೂ ಶಿಲ್ಪಶಾಸ್ತ್ರ ಗೂಢಾರ್ಥಗಳನ್ನು ಹೇಳುವುದು ವಾಡಿಕೆ. ಇಲ್ಲಿಯ ಹಣ್ಣಿಗೆ ಮಗುವಿನ ನಗುವೇ ಅರ್ಥ, ಬೆರಳಿಗೆ ಮಗುವಿನ ಹಿಡಿತವೇ ಮುದ್ರೆ.

ಮಣ್ಣೆಯ ಸುತ್ತಣ ನಾಡಿನಲ್ಲಿ ಈ ಹಂಬಲದ ಗುರುತುಗಳು ಬೇರೆ ರೂಪಗಳಲ್ಲಿಯೂ ಉಳಿದಿವೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಮಕ್ಕಳನ್ನು ಬಯಸಿದವರು ನಾಗಪ್ರತಿಷ್ಠೆ ಮಾಡಿಸುವ ಪದ್ಧತಿ ಇಂದಿಗೂ ನಡೆದಿದೆ. ಸಾಲುಸಾಲಾಗಿ ನಿಂತ ಆ ನಾಗರಕಲ್ಲುಗಳ ಮೇಲೆ ಬರಹವಿಲ್ಲದಿರಬಹುದು. ಆದರೂ ಅವು ಒಂದು ಬಗೆಯ ಶಾಸನಗಳೇ. ತಾಮ್ರಪಟ ಬೆಳೆದ ಮಗನನ್ನು ದಾಖಲಿಸಿದರೆ, ಈ ಕಲ್ಲುಗಳು ಇನ್ನೂ ಹುಟ್ಟದ ಮಗುವನ್ನು ದಾಖಲಿಸುತ್ತವೆ.

ದೇವನಹಳ್ಳಿಯ ಕೋಟೆಯದು ಮತ್ತೊಂದು ಬಗೆಯ ಸಾಕ್ಷ್ಯ. ಟಿಪ್ಪು ಸುಲ್ತಾನನ ಹುಟ್ಟೂರು ಅದು. ಆರ್ಕಾಟಿನ ಸಂತ ಟಿಪ್ಪು ಮಸ್ತಾನನ ಹೆಸರನ್ನು ಹೆತ್ತವರು ಅವನಿಗಿಟ್ಟರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅದೇ ಟಿಪ್ಪು ತನ್ನ ಇಬ್ಬರು ಎಳೆಯ ಗಂಡುಮಕ್ಕಳನ್ನು ಲಾರ್ಡ್ ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸಬೇಕಾಯಿತು. ಮಕ್ಕಳನ್ನು ಒಪ್ಪಿಸಿದ ಆ ದೃಶ್ಯವನ್ನು ರಾಬರ್ಟ್ ಹೋಮ್ ಮೊದಲಾದ ಆಂಗ್ಲ ಚಿತ್ರಕಾರರು ದೊಡ್ಡ ಚಿತ್ರಗಳಾಗಿ ಬರೆದು ಪ್ರಸಿದ್ಧಿಗೆ ತಂದರು. ಎರಡು ವರ್ಷಗಳ ಅನಂತರ, 1794ರಲ್ಲಿ, ಮದರಾಸಿನಿಂದ ಮರಳಿದ ಮಕ್ಕಳನ್ನು ತಂದೆಗೆ ಒಪ್ಪಿಸಿದುದು ದೇವನಹಳ್ಳಿಯಲ್ಲಿ. ತಾನು ತೊದಲು ನುಡಿದ ಊರಿನಲ್ಲಿಯೇ ತಂದೆಯೊಬ್ಬ ತನ್ನ ಮಕ್ಕಳನ್ನು ಮರಳಿ ಪಡೆದನು. ಕಳೆದುಕೊಂಡ ದೃಶ್ಯಕ್ಕೆ ದೊರೆತ ಖ್ಯಾತಿ ಮರಳಿ ಪಡೆದ ದೃಶ್ಯಕ್ಕೆ ದೊರೆಯಲಿಲ್ಲ. ಸಾವಿರ ವರ್ಷಗಳ ಹಿಂದಿನ ಮಣ್ಣೆಯ ತಾಮ್ರಪಟಗಳಂತೆಯೇ ಈ ಚಿತ್ರಗಳಿಗೂ ಮಗು ಬೇಕಾದುದು ರಾಜಕಾರಣದ ಪಣವಾಗಿ ಮಾತ್ರ.

ಇಷ್ಟರಿಂದ ಸಾಹಿತ್ಯದ ಸಂಶೋಧಕರಿಗೆ ದೊರೆಯುವ ಪಾಠ ಸರಳವಾದುದು. ಶಾಸನವೊಂದನ್ನೇ ಆಧಾರವಾಗಿಟ್ಟುಕೊಂಡರೆ ಗಂಗವಾಡಿಯಲ್ಲಿ ಮಕ್ಕಳೇ ಇರಲಿಲ್ಲವೆಂಬಂತೆ ತೋರುತ್ತದೆ. ಪುರಾಣಗಳ ಬಾಲಲೀಲೆಯ ವರ್ಣನೆಗಳನ್ನು ಕವಿಸಮಯವೆಂದು ದಾಟಿಹೋಗುವ ರೂಢಿಯನ್ನು ಬಿಟ್ಟು, ಅವನ್ನು ಕ್ರಿಯಾವಿಧಿಗಳ ಪಕ್ಕದಲ್ಲಿಯೂ ಅಂಬಿಕೆಯ ವಿಗ್ರಹಗಳ ಪಕ್ಕದಲ್ಲಿಯೂ ಇಟ್ಟು ಓದಿದರೆ, ಆ ಕಾಲದ ತಂದೆತಾಯಂದಿರು ಏನನ್ನು ನಿಂತು ನೋಡುತ್ತಿದ್ದರೆಂಬುದು ತಿಳಿಯುತ್ತದೆ. ಜೈನ ಪರಂಪರೆಯನ್ನು ವೈರಾಗ್ಯದ ಒಂದೇ ಬಣ್ಣದಲ್ಲಿ ಚಿತ್ರಿಸುವವರಿಗೂ ಇದು ಉತ್ತರ. ಬಿಡಬೇಕಾದುದು ಯಾವುದೆಂದು ಹೇಳುವ ಮೊದಲು, ಅದು ಎಷ್ಟು ಪ್ರಿಯವಾದುದೆಂಬುದನ್ನು ಆ ಆಚಾರ್ಯರು ಹೆಸರಿಟ್ಟು ಎಣಿಸಿದ್ದರು.

ಮಣ್ಣೆಯ ಶ್ರೀವಿಜಯನು ಕಟ್ಟಿಸಿದ ಜಿನಾಲಯವನ್ನು ಇಂದು ತಾಮ್ರಪಟದ ಅಕ್ಷರಗಳಲ್ಲಿ ಮಾತ್ರ ಕಾಣಬೇಕು. ಅದರ ಹೊಸ್ತಿಲನ್ನು ಎಷ್ಟು ತಾಯಂದಿರು ಕೂಸನ್ನು ಸೊಂಟದ ಮೇಲೆ ಹೊತ್ತು ದಾಟಿದರೋ, ಎಷ್ಟು ಮಕ್ಕಳು ಕೇಶವಾಪದ ಬಳಿಕ ಬೋಳುತಲೆಯಲ್ಲಿ ಮುನಿಗಳಿಗೆ ಕೈಮುಗಿದು ಅತ್ತಿತ್ತ ನೋಡಿದವೋ ಲೆಕ್ಕವಿಲ್ಲ. ಊರಿನ ಅಂಗಳಗಳಲ್ಲಿ ಇಂದೂ ಮಕ್ಕಳು ಅಂಬೆಗಾಲಿಟ್ಟು ಹೊಸ್ತಿಲ ಬಳಿಗೆ ಬರುತ್ತವೆ, ಅದನ್ನು ಹಿಡಿದು ಎದ್ದು ನಿಲ್ಲುತ್ತವೆ, ದಾಟುತ್ತವೆ. ಒಳಗೆ ಸಿಹಿಯ ಅಡುಗೆಗೆ ಒಲೆ ಹೊತ್ತುತ್ತದೆ.